ಟೂರು ಮನೆಮಂದಿಗೆ, ಬೆಳಗಿನ ಜಾವ ಹಕ್ಕಿಗೆ

ಹಕ್ಕಿ ಫೋಟೊದ ಹುಚ್ಚಿರುವವರ ಜೊತೆ ಟೂರು ಹೊರಡುವ ಮನೆಯವರ ಪಾಡು ಅವರಿಗೇ ಗೊತ್ತು. ಕಾರು ಎಲ್ಲೆಂದರಲ್ಲಿ ನಿಲ್ಲುತ್ತದೆ. ಊಟ ಆರುತ್ತದೆ. 'ಒಂದೇ ನಿಮಿಷ' ಅಂತ ಪೊದೆಯ ಹಿಂದೆ ಹೋದ ಮನುಷ್ಯ ಅರ್ಧ ಗಂಟೆಯಾದರೂ ಬರುವುದಿಲ್ಲ; ಬಂದಮೇಲೆ ತೋರಿಸುವ ಚಿತ್ರದಲ್ಲಿ ಎಲೆಗಳ ನಡುವೆ ಒಂದು ಬಾಲ. ಕ್ಯಾಮೆರಾ ಹಿಡಿದವರ ದೂರೂ ಸುಳ್ಳಲ್ಲ. ಹಕ್ಕಿ ಚಟುವಟಿಕೆಯಿಂದ ಇರುವ ಹೊತ್ತಿಗೆ ಮನೆಯವರು ಹಾಸಿಗೆ ಬಿಟ್ಟಿರುವುದಿಲ್ಲ, ಅವರು ಸ್ನಾನ ತಿಂಡಿ ಮುಗಿಸಿ ಹೊರಡುವ ಹೊತ್ತಿಗೆ ಹಕ್ಕಿ ನೆರಳು ಸೇರಿರುತ್ತದೆ.

ಇದಕ್ಕೆ ನನಗೆ ಕಂಡ ದಾರಿ ಒಂದೇ. ಹಗಲು ಮನೆಯವರದು ಎಂದು ಮೊದಲೇ ಒಪ್ಪಿಕೊಂಡುಬಿಡುವುದು. ಅವರು ಏಳುವ ಮುಂಚಿನ ಎರಡು ಗಂಟೆ ಮಾತ್ರ ನಮ್ಮದು ಎಂದು ಕೇಳಿ ಪಡೆಯುವುದು. ಹಗಲಲ್ಲೂ ಹಕ್ಕಿ ಬೇಕು ಅನ್ನಿಸಿದರೆ ಮಕ್ಕಳಿಂದ ಅಜ್ಜಿಯವರೆಗೆ ಎಲ್ಲರಿಗೂ ಹಿಡಿಸುವ, ಹಕ್ಕಿಗಳಿಗೆ ಮನುಷ್ಯರ ಅಭ್ಯಾಸವಿರುವ ಜಾಗವನ್ನೇ ಆರಿಸುವುದು. ಕಾಡಿನೊಳಗೆ ಅಪರೂಪದ ಹಕ್ಕಿ ಹುಡುಕಿ ಹೋಗುವುದು ಸ್ನೇಹಿತರ ಜೊತೆಗಿರಲಿ. ಈ ಲೆಕ್ಕದಲ್ಲಿ ನೋಡಿದರೆ ಬೆಂಗಳೂರು–ಮೈಸೂರು ಕಡೆಯ ಎರಡು ದಿನದ ಪ್ರವಾಸಕ್ಕೆ ಸಾಟಿ ಇಲ್ಲ. ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ ಹೇಗೂ ಇವೆ. ದಾರಿಯಲ್ಲಿ ಕೊಕ್ಕರೆ ಬೆಳ್ಳೂರು, ರಂಗನತಿಟ್ಟು. ಊರೊಳಗೇ ಎರಡು ಮೂರು ಕೆರೆ.

ಯಾವ ರಜೆಗೆ ಯಾವ ಹಕ್ಕಿ

ಶಾಲೆಯ ರಜೆಗೂ ಹಕ್ಕಿಗಳ ಪಂಚಾಂಗಕ್ಕೂ ಹೊಂದಾಣಿಕೆ ಕಡಿಮೆ. ದಸರೆಗೆ ಮೈಸೂರಿಗೆ ಹೋಗುವವರೇ ಹೆಚ್ಚು, ಆದರೆ ಹಕ್ಕಿ ಫೋಟೊಗೆ ಅದು ಸಪ್ಪೆ ಕಾಲ. ಚಳಿಗಾಲದ ವಲಸೆ ಹಕ್ಕಿಗಳು ಆಗಿನ್ನೂ ಇಳಿಯತೊಡಗಿರುತ್ತವೆ, ನದಿ ತುಂಬಿದ್ದರೆ ರಂಗನತಿಟ್ಟಿನಲ್ಲಿ ದೋಣಿ ಬಿಡುವುದೂ ಖಾತ್ರಿಯಿಲ್ಲ. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ವಿಹಾರ ನಿಲ್ಲಿಸುತ್ತಾರೆ. ಹೊರಡುವ ಮುಂಚೆ ಫೋನ್ ಮಾಡಿ ಕೇಳುವುದು ಒಳ್ಳೆಯದು.

ಕ್ರಿಸ್‌ಮಸ್ ರಜೆಯಿಂದ ಶಿವರಾತ್ರಿವರೆಗೆ ಒಳ್ಳೆಯ ಕಾಲ. ಗೂಡು ಕಟ್ಟುವ ಗಲಾಟೆ ಶುರುವಾಗಿರುತ್ತದೆ, ವಲಸೆ ಹಕ್ಕಿಗಳೂ ಇರುತ್ತವೆ, ಬಿಸಿಲೂ ತಡೆಯಬಹುದು. ಬೇಸಿಗೆ ರಜೆಯಲ್ಲಿ ಹೋದರೆ ಬೆಳೆದ ಮರಿಗಳು ಕಾಣುತ್ತವೆ. ಬಾಯಿ ಕಳೆದು ಅರಚುವ ಮರಿ, ತಾಯಿಯ ಗಂಟಲೊಳಗೆ ಅರ್ಧ ತಲೆ ತೂರಿಸಿ ಮೀನು ಎಳೆಯುವ ಮರಿ. ಮಕ್ಕಳಿಗೆ ಇದೇ ಹೆಚ್ಚು ಇಷ್ಟ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಹತ್ತು ಗಂಟೆಯ ಮೇಲೆ ವಯಸ್ಸಾದವರನ್ನು ನಿಲ್ಲಿಸಿಕೊಳ್ಳುವುದು ಬೇಡ.

ಮಳೆಗಾಲದಲ್ಲೇ ರಜೆ ಸಿಗುವವರು ಮೈಸೂರು ಬಿಟ್ಟು ಶಿವಮೊಗ್ಗದ ಕಡೆ ಹೋಗಬಹುದು. ತುಂಗಾ ನದಿಯ ನಡುಗಡ್ಡೆಯ ಮಂಡಗದ್ದೆ ತೀರ್ಥಹಳ್ಳಿಯ ರಸ್ತೆಯಲ್ಲೇ ಸಿಗುತ್ತದೆ. ಕಾರಿಳಿದು ದಡದಿಂದಲೇ ಬೆಳ್ಳಕ್ಕಿಗಳ ಗೂಡು ನೋಡಬಹುದು.

ಕೈಯಲ್ಲಿರುವುದೇ ಸಾಕು

ಲಕ್ಷ ರೂಪಾಯಿಯ ಲೆನ್ಸ್ ಇಲ್ಲದೆ ಹಕ್ಕಿ ಫೋಟೊ ಆಗದು ಎಂಬ ಮಾತು ಅರ್ಧ ನಿಜ. ಕಾಡಿನ ಕತ್ತಲಲ್ಲಿ ಅದು ನಿಜ, ರಂಗನತಿಟ್ಟಿನ ದೋಣಿಯಲ್ಲಿ ಅಲ್ಲ. ಕಿಟ್ ಜೊತೆ ಬರುವ 70–300 ಎಂ.ಎಂ. ಲೆನ್ಸ್ ಅಲ್ಲಿ ಧಾರಾಳ ಸಾಕು. ಕೆಲವೊಮ್ಮೆ ಹೆಜ್ಜಾರ್ಲೆ (ಪೆಲಿಕನ್) ರೆಕ್ಕೆ ಬಿಚ್ಚಿದರೆ 300ರಲ್ಲಿ ಹಿಡಿಸುವುದೇ ಇಲ್ಲ. ಒಂದೇ ಕ್ಯಾಮೆರಾದಲ್ಲಿ ಮಗುವಿನ ನಗುವೂ ದೂರದ ಹಕ್ಕಿಯೂ ಬೇಕೆನ್ನುವವರಿಗೆ ಸೂಪರ್‌ಝೂಮ್ ಕ್ಯಾಮೆರಾ ಅನುಕೂಲ. ನಿಕಾನ್ ಪಿ950ರಂಥವು 24ರಿಂದ 2000 ಎಂ.ಎಂ.ಗೆ ಸಮನಾದ ಝೂಮ್ ಕೊಡುತ್ತವೆ. ಆದರೆ ಅವುಗಳ ಸೆನ್ಸರ್ ಚಿಕ್ಕದು, ಪೂರ್ತಿ ಝೂಮ್‌ನಲ್ಲಿ ಬೆಳಕು ಸಾಲದು. ಬೆಳಗಾದ ಮೇಲೆ ಚೆನ್ನ, ಮುಂಜಾವಿನಲ್ಲಿ ಕಾಳುಕಾಳು. ಇನ್ನೊಂದು ವಿಷಯ: ಕೆರೆಯ ಆಚೆ ದಡದ ಹಕ್ಕಿಯನ್ನು ಮಟಮಟ ಮಧ್ಯಾಹ್ನ ಎಷ್ಟು ಝೂಮ್ ಮಾಡಿದರೂ ಚಿತ್ರ ಕದಡಿಯೇ ಬರುತ್ತದೆ. ಅದು ಕ್ಯಾಮೆರಾದ ದೋಷವಲ್ಲ, ನಡುವಿನ ಬಿಸಿಗಾಳಿಯ ಆಟ.

ಮೊಬೈಲ್ ಮಾತ್ರ ಇದ್ದರೆ ಒಂಟಿ ಹಕ್ಕಿಯ ಆಸೆ ಬಿಡಿ. ಬೆರಳಲ್ಲಿ ಹಿಗ್ಗಿಸಿದ ಮೇಲೆ ಉಳಿಯುವುದು ಬರೀ ಚುಕ್ಕೆ. ಬದಲಿಗೆ ಗೂಡು ತುಂಬಿದ ಇಡೀ ಮರ, ಸಂಜೆ ಸಾಲಾಗಿ ಹಿಂದಿರುಗುವ ಬೆಳ್ಳಕ್ಕಿಗಳು, ದೋಣಿಯಲ್ಲಿ ಕೂತು ಬೆರಳು ತೋರಿಸುತ್ತಿರುವ ಅಜ್ಜಿ, ಇಂಥವನ್ನು ಮೊಬೈಲ್ ದೊಡ್ಡ ಕ್ಯಾಮೆರಾಕ್ಕಿಂತ ಚೆನ್ನಾಗಿ ತೆಗೆಯುತ್ತದೆ. ನನ್ನನ್ನು ಕೇಳಿದರೆ ಎರಡನೇ ಲೆನ್ಸಿಗಿಂತ ಮೊದಲು ಒಂದು 8x42 ಬೈನಾಕ್ಯುಲರ್ ಕೊಳ್ಳಿ. ಅದು ಮಕ್ಕಳ ಕೈಯಲ್ಲಿದ್ದರೆ ನಿಮ್ಮ ಕ್ಯಾಮೆರಾ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಕ್ಕಳ ಕಣ್ಣು ಚುರುಕು. ಕೊಂಬೆಯ ಬಣ್ಣಕ್ಕೇ ಹೊಂದಿಕೊಂಡು ಕೂತ ಇರುಳು ಬಕವನ್ನು ದೊಡ್ಡವರಿಗಿಂತ ಮೊದಲು ಅವರೇ ಕಾಣುತ್ತಾರೆ.

ಸೆಟ್ಟಿಂಗ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವಷ್ಟು ಇಲ್ಲ. ಮನೆಯಲ್ಲೇ ಕೂತು ಹೊಂದಿಸಿಕೊಂಡು ಬನ್ನಿ. ದೋಣಿಯಲ್ಲಿ ಮೆನು ತಡಕಾಡುವಂತಾಗಬಾರದು. ಶಟರ್ ಪ್ರಯಾರಿಟಿ ಇಟ್ಟು, ಕೂತ ಹಕ್ಕಿಗೆ 1/800, ಹಾರುವ ಹಕ್ಕಿಗೆ 1/2000. ಐಎಸ್‌ಒ ಆಟೊ, ಗರಿಷ್ಠ 3200. ಫೋಕಸ್ ಬಿಡದೆ ಹಿಂಬಾಲಿಸುವ ಮೋಡ್; ಕ್ಯಾನನ್‌ನಲ್ಲಿ ಎಐ ಸರ್ವೊ, ನಿಕಾನ್, ಸೋನಿಯಲ್ಲಿ ಎಎಫ್-ಸಿ. ಫೋಕಸ್ ಬಿಂದು ಕಣ್ಣಿನ ಮೇಲೆ. ಗರಿ ಎಷ್ಟೇ ಸ್ಪಷ್ಟವಾಗಿರಲಿ, ಕಣ್ಣು ಮಸುಕಾದರೆ ಆ ಚಿತ್ರ ಮುಗಿಯಿತು.

ಕೊಕ್ಕರೆ ಬೆಳ್ಳೂರು: ಊರೊಳಗಿನ ಹೆಜ್ಜಾರ್ಲೆ

ಬೆಂಗಳೂರಿನಿಂದ ಹೋಗುವಾಗ ಮದ್ದೂರಿಗೆ ಮುಂಚೆ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಬೇಕು. ಅಲ್ಲಿಂದ ಹನ್ನೆರಡು ಕಿಲೋಮೀಟರ್ ಆಸುಪಾಸು. ಎಕ್ಸ್‌ಪ್ರೆಸ್‌ವೇ ಮೇಲೇ ಹೋಗುತ್ತಿದ್ದರೆ ತಿರುವು ದಾಟಿಹೋಗುತ್ತದೆ, ಮೊದಲೇ ಸರ್ವಿಸ್ ರಸ್ತೆಗೆ ಇಳಿಯಿರಿ. ಮದ್ದೂರು ವಡೆ ಹಿಂದಿರುಗುವಾಗಲೂ ಸಿಗುತ್ತದೆ.

ಇದು ಬೇಲಿ ಹಾಕಿದ ಧಾಮವಲ್ಲ, ಜನ ಬಾಳುವ ಊರು. 2007ರಲ್ಲಿ ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಮನೆಗಳ ನಡುವಿನ ಹುಣಸೆ, ಆಲದ ಜಾತಿಯ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಕೆಳಗೆ ಬಿದ್ದ ಹಿಕ್ಕೆ ರೈತರ ಹೊಲಕ್ಕೆ ಗೊಬ್ಬರ. ಮರದಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸವನ್ನು ಊರಿನವರೇ ಇರುವ 'ಹೆಜ್ಜಾರ್ಲೆ ಬಳಗ' ಮಾಡಿಕೊಂಡು ಬಂದಿದೆ.

ಇಲ್ಲಿಗೆ ಬಂದವರು ಕತ್ತೆತ್ತಿ ಹಕ್ಕಿಯ ಹೊಟ್ಟೆಯ ಫೋಟೊ ತೆಗೆದು ಹೋಗುತ್ತಾರೆ. ಅಂಥ ಚಿತ್ರ ಎಲ್ಲಿ ಬೇಕಾದರೂ ಸಿಗುತ್ತದೆ. ಕೊಕ್ಕರೆ ಬೆಳ್ಳೂರಿನಲ್ಲಿ ಮಾತ್ರ ಸಿಗುವುದು ಊರು ಮತ್ತು ಹಕ್ಕಿ ಒಟ್ಟಿಗಿರುವ ಚಿತ್ರ: ಕೆಳಗೆ ನಲ್ಲಿಯ ಮುಂದೆ ಕೊಡಗಳ ಸಾಲು, ಮೇಲೆ ಹೆಜ್ಜಾರ್ಲೆಯ ಸಂಸಾರ. ಇದಕ್ಕೆ ಉದ್ದ ಲೆನ್ಸ್ ತೆಗೆದಿಟ್ಟು 18–55 ಹಾಕಿ, ಅಥವಾ ಮೊಬೈಲ್ ಹಿಡಿಯಿರಿ. ಚಿತ್ರದಲ್ಲಿ ಬರುವವರನ್ನು ಮೊದಲು ಮಾತನಾಡಿಸಿ. 'ಅಮ್ಮಾ, ನಿಮ್ಮನೆ ಮರದ ಹಕ್ಕಿ ಫೋಟೊ ತೆಗೀಬೋದಾ?' ಎಂದು ಕೇಳಿದರೆ ಬೇಡ ಅನ್ನುವವರು ಕಡಿಮೆ. ತಾರಸಿಯಿಂದ ಚೆನ್ನಾಗಿ ಕಾಣುತ್ತದೆ ಹತ್ತಿ ನೋಡಿ ಅನ್ನುವವರೂ ಉಂಟು. ತಾರಸಿ ಹತ್ತಿದರೆ ಹಕ್ಕಿ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಬೋಳು ಆಕಾಶದ ಬದಲು ಹಸಿರು ಹಿನ್ನೆಲೆ ಸಿಗುತ್ತದೆ. ಕೇಳದೆ ಹತ್ತಬೇಡಿ, ಅಷ್ಟೆ.

ಬೇರೆಡೆ ಒಂಬತ್ತು ಹತ್ತು ಗಂಟೆಗೆ ಫೋಟೊ ಕೆಲಸ ಮುಗಿದಂತೆ. ಇಲ್ಲಿ ಹಾಗಲ್ಲ. ಹೆಜ್ಜಾರ್ಲೆ ಭಾರದ ಹಕ್ಕಿ, ರೆಕ್ಕೆಯ ಹರವು ಎರಡು ಮೀಟರ್‌ಗೂ ಹೆಚ್ಚು. ನೆಲ ಕಾದು ಬಿಸಿಗಾಳಿ ಮೇಲೇಳುವುದನ್ನೇ ಕಾದು, ಅದರ ಮೇಲೆ ಸುತ್ತು ಹಾಕುತ್ತಾ ಎತ್ತರಕ್ಕೇರಿ, ದೂರದ ಕೆರೆಗಳಿಗೆ ಮೀನಿಗೆ ಹೋಗುತ್ತದೆ. ಹಾಗಾಗಿ ಮನೆಯವರು ನಿಧಾನವಾಗಿ ಹೊರಟು ಹತ್ತಕ್ಕೆ ತಲುಪಿದರೂ ಹಾರಾಟದ ಚಿತ್ರಕ್ಕೆ ಮೋಸವಿಲ್ಲ. ಟೋಪಿ ಹಾಕಿಕೊಳ್ಳಿ, ಬಿಸಿಲಿಗಲ್ಲ, ಮರದ ಕೆಳಗೆ ನಿಂತವರ ತಲೆಯ ಮೇಲೆ ಏನು ಬೀಳುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ರಂಗನತಿಟ್ಟಿನ ದೋಣಿಯಲ್ಲಿ

ಹದಿನೇಳನೇ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಮೂಡಿದ ನಡುಗಡ್ಡೆಗಳು ಇವು. ಪಕ್ಷಿತಜ್ಞ ಸಲೀಂ ಅಲಿ ಇಲ್ಲಿನ ಹಕ್ಕಿಗಳನ್ನು ಕಂಡು ಮೈಸೂರು ಅರಸರಿಗೆ ಹೇಳಿದ್ದರಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು, ರಾಜ್ಯದಿಂದ ಮೊದಲನೆಯದು. ಇಡೀ ಧಾಮ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಅಜ್ಜ ಅಜ್ಜಿಯರಿಗೆ ಇದೇ ಅನುಕೂಲ: ನಡಿಗೆ ಕಡಿಮೆ, ನೆರಳಿದೆ, ಕೂರಲು ಬೆಂಚಿದೆ. ಕ್ಯಾಮೆರಾಕ್ಕೆ ಬೇರೆ ಟಿಕೆಟ್ ತೆಗೆದುಕೊಳ್ಳಬೇಕಾಗುತ್ತದೆ, ವಿಚಾರಿಸಿಕೊಳ್ಳಿ. ಭಾನುವಾರ ಮಧ್ಯಾಹ್ನ ಹೋದರೆ ಹಕ್ಕಿಗಿಂತ ಜನ ಹೆಚ್ಚು. ವಾರದ ದಿನ, ಗೇಟು ತೆಗೆಯುವ ಹೊತ್ತಿಗೇ ಹೋದರೆ ಮೊದಲ ದೋಣಿ ನಿಮ್ಮದು.

ದೋಣಿಯಲ್ಲಿ ಎಲ್ಲಿ ಕೂರುತ್ತೀರಿ ಎನ್ನುವುದರ ಮೇಲೆ ಅರ್ಧ ಚಿತ್ರ ನಿಂತಿದೆ. ಹತ್ತುವ ಮೊದಲೇ ಹುಟ್ಟು ಹಾಕುವವರನ್ನು 'ಅಣ್ಣ, ಗೂಡು ಯಾವ ಕಡೆ ಹೆಚ್ಚು ಬರುತ್ತೆ?' ಎಂದು ಕೇಳಿ ಆ ಬದಿಗೆ ಕೂರಿ. ಅವರು ದಿನಾ ನೋಡುವವರು. ಯಾವ ಬಂಡೆಯ ಮೇಲೆ ಮೊಸಳೆ ಮಲಗಿದೆ, ಯಾವ ಕೊಂಬೆಯಲ್ಲಿ ಮರಿ ಹೊರಬಂದಿದೆ ಎಂಬುದು ಅವರ ಬಾಯಲ್ಲೇ ಇರುತ್ತದೆ. ಸೂರ್ಯ ನಿಮ್ಮ ಬೆನ್ನಿಗಿರುವ ಕಡೆಯಲ್ಲಿ ಒಂದು ಗಳಿಗೆ ನಿಲ್ಲಿಸಿ ಎಂದು ಕೇಳಿಕೊಳ್ಳಬಹುದು. ಇನ್ನೂ ಹತ್ತಿರ ಬಿಡಿ ಎಂದು ಮಾತ್ರ ಕೇಳಬೇಡಿ. ಏಳಬೇಡಿ, ಟ್ರೈಪಾಡ್ ತರಬೇಡಿ, ದೋಣಿ ಅಲುಗುವುದರಿಂದ ಅದು ಉಪಯೋಗಕ್ಕೂ ಬರುವುದಿಲ್ಲ. ಮೊಣಕೈ ಪಕ್ಕೆಗೆ ಒತ್ತಿ, ಶಟರ್ 1/1000ಕ್ಕಿಂತ ಕೆಳಗಿಳಿಸದೆ ತೆಗೆಯಿರಿ. ಮಕ್ಕಳು ನೀರಿಗೆ ಕೈ ಇಳಿಬಿಡದಂತೆ ಒಬ್ಬರು ನೋಡಿಕೊಳ್ಳಲಿ. ಆ ಮೊಸಳೆಗಳು ಕಲ್ಲಿನಂತೆ ಬಿದ್ದಿರುತ್ತವೆಯೇ ಹೊರತು ಕಲ್ಲಲ್ಲ.

ಇಲ್ಲಿನ ಹಕ್ಕಿಗಳಲ್ಲಿ ಹೆಚ್ಚಿನವು ಬಿಳಿ, ಹಿಂದೆ ದಟ್ಟ ಹಸಿರು. ಹೊಸಬರು ಎಡವುವುದು ಇಲ್ಲೇ. ಚೌಕಟ್ಟಿನ ತುಂಬ ಕಪ್ಪು ಹಸಿರಿರುವಾಗ ಕ್ಯಾಮೆರಾ ಕತ್ತಲೆಯಿದೆ ಎಂದುಕೊಂಡು ಬೆಳಕು ಏರಿಸುತ್ತದೆ. ಬೆಳ್ಳಕ್ಕಿಯ ಮೈ ಗರಿಯೇ ಕಾಣದಂತೆ ಬೆಳ್ಳಗೆ ಬೆಂದುಹೋಗುತ್ತದೆ. ಎಕ್ಸ್‌ಪೋಶರ್ ಕಾಂಪನ್ಸೇಶನ್ ಮೈನಸ್ 0.7ಕ್ಕೆ ಇಳಿಸಿ, ತೆಗೆದ ಚಿತ್ರ ಹಿಗ್ಗಿಸಿ ನೋಡಿ, ಗರಿ ಬಿಡಿಬಿಡಿಯಾಗಿ ಕಾಣುವವರೆಗೆ ಇನ್ನೂ ಇಳಿಸಿ. ಬಂಡೆಯ ಮೇಲೆ ರೆಕ್ಕೆ ಒಣಗಿಸುವ ನೀರುಕಾಗೆ, ಹಾವಕ್ಕಿಗಳು ಬೆಳ್ಳನೆಯ ಆಕಾಶಕ್ಕೆ ಎದುರಾಗಿ ಸಿಕ್ಕರೆ ಲೆಕ್ಕ ತಿರುಗುಮುರುಗು, ಪ್ಲಸ್ 1.

ಸಮಯ ಕಡಿಮೆಯಿದ್ದರೆ ಕಂಡಕಂಡದ್ದನ್ನೆಲ್ಲ ಹೊಡೆಯುವ ಬದಲು ಒಂದು ಹಕ್ಕಿ ಹಿಡಿದು ಕೂರಿ ಎನ್ನುವುದು ನನ್ನ ಸಲಹೆ. ಬಾಯ್ಕಳಕವನ್ನೇ ತೆಗೆದುಕೊಳ್ಳಿ. ಬೂದು ಬಿಳುಪಿನ, ಮೊದಲ ನೋಟಕ್ಕೆ ಅಂಥ ಚೆಲುವಿಲ್ಲದ ಕೊಕ್ಕರೆ. ಬೆಳೆದ ಹಕ್ಕಿಯ ಮೇಲ್ಕೊಕ್ಕೂ ಕೆಳಕೊಕ್ಕೂ ತುದಿಯಲ್ಲಿ ಮಾತ್ರ ಕೂಡುತ್ತವೆ, ನಡುವೆ ಸಂದು. ಅದರ ಮುಖ್ಯ ಆಹಾರ ಬಸವನ ಹುಳು. ಮರಿಗಳಿಗೆ ಆ ಸಂದು ಇರುವುದಿಲ್ಲ, ಬೆಳೆದಂತೆ ಮೂಡುತ್ತದೆ. ಈ ಸಂದು ಚಿತ್ರದಲ್ಲಿ ಕಾಣಬೇಕಾದರೆ ಹಕ್ಕಿ ಪೂರ್ತಿ ಪಕ್ಕಕ್ಕೆ ತಿರುಗಿರಬೇಕು, ಕೊಕ್ಕಿನ ಹಿಂದೆ ಎಲೆಯ ಬದಲು ನೀರೋ ಆಕಾಶವೋ ಇರಬೇಕು. ದೋಣಿ ಒಂದು ಮಾರು ಮುಂದೆ ಹೋದರೆ ಹಿನ್ನೆಲೆ ಬದಲಾಗುತ್ತದೆ. ಆ ಗಳಿಗೆಗೆ ಬೆರಳು ಶಟರ್ ಮೇಲಿರಲಿ. ಕೊಕ್ಕಿನ ನಡುವೆ ಬೆಳಕಿನ ಎಳೆ ತೂರಿಬಂದ ಒಂದು ಚಿತ್ರ ಸಿಕ್ಕರೆ ಅವತ್ತಿನ ಟಿಕೆಟ್ ದುಡ್ಡು ಬಂತು.

ಗೂಡಿನ ಹತ್ತಿರ ಹೋಗಬಾರದು ಎಂಬುದನ್ನು ಬರೀ ನಿಯಮ ಅಂದುಕೊಂಡವರು ಬೇಸಿಗೆಯ ಹನ್ನೊಂದು ಗಂಟೆಗೆ ಬಣ್ಣದ ಕೊಕ್ಕರೆಯ ಗೂಡು ನೋಡಬೇಕು. ತಾಯಿಯೋ ತಂದೆಯೋ ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆ ಅರ್ಧ ಬಿಚ್ಚಿ, ಮರಿಗಳ ಮೇಲೆ ನೆರಳು ಬೀಳುವಂತೆ ನಿಂತಿರುತ್ತದೆ. ಬಿಸಿಲು ಜರುಗಿದಂತೆ ತಾನೂ ಜರುಗುತ್ತದೆ. ಯಾರಾದರೂ ಚಪ್ಪಾಳೆ ತಟ್ಟಿ ಅದನ್ನು ಎಬ್ಬಿಸಿದರೆ ಪುಕ್ಕವಿಲ್ಲದ ಮರಿ ಸುಡುಬಿಸಿಲಿಗೆ, ಕಾಗೆ ಹದ್ದುಗಳ ಕಣ್ಣಿಗೆ ಬೀಳುತ್ತದೆ. ಹಾರುವ ಚಿತ್ರ ಬೇಕೆಂದು ಕಲ್ಲೆಸೆಯುವವರನ್ನು, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವವರನ್ನು ಕಂಡರೆ ಸುಮ್ಮನಿರಬೇಡಿ, ಸಿಬ್ಬಂದಿಗೆ ಹೇಳಿ. ಡ್ರೋನ್ ತರುವುದಂತೂ ಬೇಡವೇ ಬೇಡ.

ಮೈಸೂರಿನಲ್ಲಿ ಎದ್ದರೆ

ರಾತ್ರಿ ಮೈಸೂರಿನಲ್ಲಿ ತಂಗಿದರೆ ಬೆಳಗಿನ ನಮ್ಮ ಆ ಎರಡು ಗಂಟೆಗಳಿಗೆ ಕುಕ್ಕರಹಳ್ಳಿ ಕೆರೆಯಷ್ಟು ಹೊಂದುವ ಜಾಗ ಇಲ್ಲ. ಬೆಳಗ್ಗೆ, ಸಂಜೆ ವಾಕಿಂಗ್‌ನವರಿಗಾಗಿ ತೆರೆದಿರುತ್ತದೆ. ಜನ ಓಡಾಡುವುದು ಹಕ್ಕಿಗಳಿಗೆ ರೂಢಿಯಾಗಿದೆ, ಹಾಗಾಗಿ ಬೇರೆ ಕೆರೆಯಲ್ಲಿ ದೂರ ಓಡುವ ನಾಮದ ಕೋಳಿ, ನೀರುಕಾಗೆಗಳು ಇಲ್ಲಿ ದಡದ ಹತ್ತಿರವೇ ಸಿಗುತ್ತವೆ. ಏರಿಯ ಮೇಲೆ ನಿಂತು ಕೆಳಮುಖವಾಗಿ ತೆಗೆಯಬೇಡಿ. ದಡದಲ್ಲಿ ಕುಕ್ಕರಗಾಲಲ್ಲಿ ಕೂತು ಲೆನ್ಸನ್ನು ನೀರಿನ ಮಟ್ಟಕ್ಕೆ ತನ್ನಿ. ಮಾಮೂಲಿ ಬಾತುಕೋಳಿಯೂ ಆಗ ಬೇರೆಯಾಗಿ ಕಾಣುತ್ತದೆ. ಎಂಟಕ್ಕೆ ಹೋಟೆಲಿಗೆ ವಾಪಸ್ ಬನ್ನಿ. ಹೇಳಿದ ಹೊತ್ತಿಗೆ ಬಂದವರಿಗೇ ಮರುದಿನವೂ ರಜಾ ಮಂಜೂರಾಗುವುದು.

ಮಕ್ಕಳನ್ನು ಮೃಗಾಲಯಕ್ಕೆ ಕರೆದೊಯ್ಯುವ ದಿನ ಪಕ್ಕದ ಕಾರಂಜಿ ಕೆರೆಯನ್ನೂ ಸೇರಿಸಿಕೊಳ್ಳಬಹುದು. ಎರಡಕ್ಕೂ ಮಂಗಳವಾರ ರಜೆ. ಕಾರಂಜಿ ಕೆರೆಯ ದೊಡ್ಡ ಪಂಜರದೊಳಗೆ ಹೋಗಿ ನವಿಲು ತೆಗೆದವರು ಅದನ್ನು ಕಾಡಿನ ಚಿತ್ರ ಎಂದು ಹೇಳಿಕೊಳ್ಳದಿದ್ದರೆ ಸಾಕು.

ದಾರಿಯ ಹಕ್ಕಿಗಳಿಗೆ ಕಾರೇ ಒಳ್ಳೆಯ ಮರೆ. ಮಂಡ್ಯ, ಶ್ರೀರಂಗಪಟ್ಟಣದ ನಾಲೆ ಬದಿಯ ಒಳರಸ್ತೆಗಳಲ್ಲಿ ತಂತಿಯ ಮೇಲೆ ನೀಲಕಂಠ, ಕಾಜಾಣ, ಕಳ್ಳಿಪೀರ, ಗದ್ದೆಯ ಬದುವಿನಲ್ಲಿ ಮಿಂಚುಳ್ಳಿ ಇದ್ದೇ ಇರುತ್ತವೆ. ಬಾಗಿಲು ತೆಗೆದು ಇಳಿದಿರೋ, ಹಕ್ಕಿ ಹೋಯಿತು. ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಗಾಜು ಅರ್ಧ ಇಳಿಸಿ, ಅದರ ಮೇಲೆ ಒಂದು ಬಟ್ಟೆಚೀಲ ಇಟ್ಟು ಲೆನ್ಸ್ ಒರಗಿಸಿ. ಚೀಲದೊಳಗೆ ಒಂದು ಸೇರು ರಾಗಿ ತುಂಬಿದರೆ ಅಂಗಡಿಯ ಬೀನ್‌ಬ್ಯಾಗ್ ಬೇಕಿಲ್ಲ, ಊರಿಗೆ ಬಂದಮೇಲೆ ಮುದ್ದೆಗೂ ಆಯಿತು. ನೀಲಕಂಠ, ಕಳ್ಳಿಪೀರಗಳು ಹುಳು ಹಿಡಿಯಲು ಹಾರಿ ಸಾಮಾನ್ಯವಾಗಿ ಅದೇ ಜಾಗಕ್ಕೆ ಮರಳುತ್ತವೆ. ಹಾರಿದ ಹಕ್ಕಿಯ ಹಿಂದೆ ಲೆನ್ಸ್ ತಿರುಗಿಸುವ ಬದಲು ಕೂತಿದ್ದ ಜಾಗಕ್ಕೇ ಫೋಕಸ್ ಹಿಡಿದು ಕಾದರೆ, ರೆಕ್ಕೆ ಬಿಚ್ಚಿ ಇಳಿಯುವ ಚಿತ್ರ ಸಿಗುತ್ತದೆ. ನೀಲಕಂಠ ನಮ್ಮ ರಾಜ್ಯಪಕ್ಷಿ; ಕೂತಾಗ ಮಂಕಾಗಿ ಕಾಣುವ ಅದರ ನೀಲಿ ತೆರೆಯುವುದು ರೆಕ್ಕೆ ಬಿಚ್ಚಿದಾಗಲೇ.

ಹಕ್ಕಿಯ ಹೆಸರು ತಿಳಿಯದಿದ್ದರೆ ಮರ್ಲಿನ್ ಎಂಬ ಉಚಿತ ಆ್ಯಪ್ ಫೋಟೊ ನೋಡಿ ಹೇಳುತ್ತದೆ. ಕನ್ನಡದಲ್ಲೇ ಬೇಕೆನ್ನುವವರ ಚೀಲದಲ್ಲಿ ತೇಜಸ್ವಿಯವರ 'ಹಕ್ಕಿ ಪುಕ್ಕ' ಇರಲಿ. ರಾತ್ರಿ ರೂಮಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅವತ್ತಿನ ಚಿತ್ರಗಳನ್ನು ನೋಡಿ, ಮಸುಕಾದವನ್ನು ಅಲ್ಲೇ ಅಳಿಸಿ. ಊರಿಗೆ ಹೋದಮೇಲೆ ನೋಡೋಣ ಎಂದು ಬಿಟ್ಟ ಚಿತ್ರಗಳನ್ನು ಯಾರೂ ನೋಡುವುದಿಲ್ಲ.

ಚಳಿಗಾಲದಲ್ಲಿ ಹೋಗಿದ್ದು, ನಂಜನಗೂಡಿಗೂ ಹೋಗುವುದಿದ್ದರೆ ಒಂದು ಬೆಳಗನ್ನು ಹದಿನಾರು ಎಂಬ ಊರಿನ ಕೆರೆಗೆ ಕೊಡಿ. ತಲೆಯ ಹಿಂದೆ ಎರಡು ಕಪ್ಪು ಗೀರಿರುವ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ರಾತ್ರಿ ಸುತ್ತಲ ಹೊಲಗದ್ದೆಗಳಲ್ಲಿ ಮೇದು, ಹಗಲು ಕೆರೆಯಲ್ಲಿ ವಿಶ್ರಮಿಸುವ ಹಕ್ಕಿಗಳಾದ್ದರಿಂದ ಅವು ತಂಡತಂಡವಾಗಿ ಇಳಿಯುವುದನ್ನು ನೋಡಲು ಬೆಳಗ್ಗೆಯೇ ಅಲ್ಲಿರಬೇಕು. ಇವು ಕುಕ್ಕರಹಳ್ಳಿಯವುಗಳಂತಲ್ಲ, ಬಲು ಬೆದರು. ಏರಿಯ ಮೇಲೇ ಇರಿ, ನೀರಿನ ಅಂಚಿಗೆ ಇಳಿಯಬೇಡಿ, ಮಕ್ಕಳ ಗದ್ದಲವೂ ಬೇಡ. ಚಿತ್ರ ತೆಗೆದಮೇಲೆ ಹಿಗ್ಗಿಸಿ ಕೊರಳುಗಳನ್ನೊಮ್ಮೆ ನೋಡಿ. ಮಂಗೋಲಿಯಾದಲ್ಲಿ ಸಂಶೋಧಕರು ಅಕ್ಷರ, ಅಂಕಿಯಿರುವ ಕೊರಳಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿದ್ದುಂಟು. ಪಟ್ಟಿ ಕಂಡರೆ ಅದರ ಬಣ್ಣ, ಅಕ್ಷರ, ದಿನ, ಕೆರೆಯ ಹೆಸರು ಬರೆದಿಟ್ಟುಕೊಂಡು, ಚಿತ್ರದ ಸಮೇತ ಇ-ಬರ್ಡ್ ಜಾಲತಾಣದ ಪಟ್ಟಿಗೆ ಸೇರಿಸಿ. ಅರಣ್ಯ ಇಲಾಖೆಯವರಿಗೂ ತಿಳಿಸಿ. ಚಿತ್ರ ಚೂರು ಮಸುಕಾಗಿದ್ದರೂ ನಡೆಯುತ್ತದೆ, ಅಕ್ಷರ ಓದಲು ಬಂದರಾಯಿತು.